‘ದಿ||’ ಯಾರ ಹೆಸರಿಗೆ?

ದೆವ್ವ, ಗಾಳಿ, ಶಕುನ ಅಂತ ಯಾರಾದರೂ ಮಾತು ತೆಗೆದರೆ ಕಾಫಿ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದವಳು ನಾನು. ನನ್ನ ಅತ್ತೆಯ ಮನೆಯ ಕಡೆ ಇಂಥ ಕಥೆಗಳಿಗೆ ಬರವಿಲ್ಲ. ಬಾವಿಯೊಳಗೆ ಬಳೆಯ ಸದ್ದು ಕೇಳಿದವರು, ಹುಣಸೇಮರದ ಕೆಳಗೆ ಬಿಳಿ ಸೀರೆ ಕಂಡವರು ಎಲ್ಲರೂ ಅಲ್ಲಿದ್ದಾರೆ. ಕಥೆ ಇನ್ನೇನು ರಂಗೇರಿತು ಅನ್ನುವಾಗ ನಾನು ಲೋಟ ತಂದಿಟ್ಟು, ಸಕ್ಕರೆ ಸಾಕಾ ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿರುವುದು ನನಗೇ ನಗು ತರಿಸುತ್ತದೆ. ಇದರಲ್ಲಿ ಬಾವಿಯೂ ಇಲ್ಲ, ಹುಣಸೇಮರವೂ ಇಲ್ಲ. ಇರುವುದು ಒಂದು ಕಂಪ್ಯೂಟರು, ಒಂದು ಲಗ್ನಪತ್ರಿಕೆ ಮತ್ತು ಕತ್ರಿಗುಪ್ಪೆಯ ನಮ್ಮ ಮನೆಯ ಬ್ರಾಡ್‌ಬ್ಯಾಂಡು. ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು. ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ನಾನು ಕೆಲಸ ಮಾಡುವುದು ಬಿಳೇಕಹಳ್ಳಿಯ ಒಂದು ಸಣ್ಣ ಆಫೀಸಿನಲ್ಲಿ. ಮದುವೆ, ಗೃಹಪ್ರವೇಶ, ನಾಮಕರಣದ ಪತ್ರಿಕೆಗಳನ್ನು ಅಂದವಾಗಿ ಜೋಡಿಸಿ ಪ್ರೆಸ್ಸಿಗೆ ಕಳಿಸುವುದು ನಮ್ಮ ಕಸುಬು. ವಸಂತಕ್ಕ ಯಜಮಾನಿ, ನಾನು ಕೆಲಸಗಾತಿ, ಅಲ್ಲಿಗೆ ಸಂಸ್ಥೆ ಮುಗಿಯಿತು. ಕೆಲವು ವರ್ಷಗಳ ಹಿಂದೆ ನಾನು ಸ್ಕೂಟರಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡೆ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಮನೆಯ ಲ್ಯಾಪ್‌ಟಾಪಿನಿಂದಲೇ ಆಫೀಸಿನ ಕಂಪ್ಯೂಟರಿನೊಳಗೆ ಹೋಗಿ ಕೆಲಸ ಮಾಡುವ ಏರ್ಪಾಡನ್ನು ಈರಣ್ಣ ಮಾಡಿಕೊಟ್ಟ. ಈರಣ್ಣ ಗದಗದ ಕಡೆಯವನು. ಬಿಟಿಎಂನಲ್ಲಿ ಬಾಡಿಗೆಗಿದ್ದುಕೊಂಡು ನಮ್ಮಂಥ ಸಣ್ಣ ಆಫೀಸುಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ. ಅವನ ಏರ್ಪಾಡಿನಲ್ಲಿ ಅಲ್ಲಿನ ಪರದೆ ಇಲ್ಲಿ ಕಾಣುತ್ತಿತ್ತು. ಇಲ್ಲಿ ಮೌಸ್ ಆಡಿಸಿದರೆ ಅಲ್ಲಿನ ಬಾಣದ ಗುರುತು ಓಡಾಡುತ್ತಿತ್ತು. ನಮ್ಮ ಹಳೆಯ ಕನ್ನಡ ಫಾಂಟು ಆ ಕಂಪ್ಯೂಟರಿನಲ್ಲಿ ಮಾತ್ರ ಇದ್ದದ್ದರಿಂದ ಬೇರೆ ದಾರಿಯೂ ಇರಲಿಲ್ಲ. ಇನ್ನೆಲ್ಲಿ ತೆರೆದರೂ ಮದುಮಗಳ ಹೆಸರೆಲ್ಲ ಚೌಕ ಚೌಕವಾಗಿಬಿಡುತ್ತಿತ್ತು. ಅವನು ಹೇಳಿದ ಷರತ್ತು ಒಂದೇ. ಆಫೀಸಿನ ಕಂಪ್ಯೂಟರು ಆನ್ ಇರಬೇಕು.

ಆ ಕಟ್ಟಡದ ಮಾಲೀಕರು ದೊಡ್ಡಮುನಿಯಪ್ಪನವರು. ಅವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೇ ನಮ್ಮ ಆಫೀಸು ನಿಂತಿದೆ. ಮನೆಯಲ್ಲಿ, ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ‘ದೊಡ್ಡೋರು’ ಎಂದು. ಅವರಿಗೆ ಎರಡು ಚಟಗಳಿದ್ದವು. ಯಾರ ಆಫೀಸಾದರೂ ಸರಿ, ಒಳಗೆ ಬಂದು ಕಣ್ಣಿಗೆ ಬಿದ್ದ ಸ್ವಿಚ್ಚನ್ನೆಲ್ಲ ಆರಿಸುವುದು ಒಂದು. ನನ್ನ ಕಂಪ್ಯೂಟರಿನ ಸ್ವಿಚ್ಚಿನ ಮೇಲೆ ಈರಣ್ಣ ಟೇಪು ಅಂಟಿಸಿದರೆ, ಟೇಪು ಕಿತ್ತು ಮಡಚಿ ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಇನ್ನೊಂದು ಚಟ, ನನ್ನ ಕುರ್ಚಿಯ ಹಿಂದೆ ನಿಂತು ಯಾರದೋ ಮದುವೆಯ ಪತ್ರಿಕೆಯನ್ನು ತಮ್ಮ ಮನೆಯದೇ ಎಂಬಂತೆ ನೋಡಿ, "ಅಕ್ಷರ ದಪ್ಪ ಮಾಡಮ್ಮಾ, ಓದೋರ್ಗೆ ಕಾಣ್ಬೇಕಲ್ಲ" ಅನ್ನುವುದು. ನನಗೆ ರೇಗುತ್ತಿತ್ತು. ಆದರೆ ನಾನು ಸ್ಕೂಟರಿನಿಂದ ಬೀಳುವುದಕ್ಕೆ ವರ್ಷದ ಮೊದಲು, ಒಂದು ಬೆಳಿಗ್ಗೆ ಅವರು ನಿದ್ದೆಯಿಂದ ಏಳಲಿಲ್ಲ ಎಂಬ ಸುದ್ದಿ ಬಂದಾಗ ನಾನು ಅತ್ತೆ. ಆಮೇಲೆ ಎಷ್ಟೋ ದಿನ ಯಾರೂ ಆರಿಸದ ಆ ಸ್ವಿಚ್ಚು ನೋಡಿದರೆ ಬೇಜಾರಾಗುತ್ತಿತ್ತು.

ಅವರ ತಮ್ಮ ಚಿಕ್ಕಮುನಿಯಪ್ಪನವರು. ಅಣ್ಣ ಹೋದ ಮೇಲೆ ಇವರಿಗೂ ಎದೆನೋವು ಬಂದು ಸ್ಟೆಂಟ್ ಹಾಕಿಸಬೇಕಾಯಿತು. ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ಅಣ್ಣನ ವರ್ಷದ ತಿಥಿ ಮುಗಿದ ಮೇಲೆ ಇವರ ಮೊಮ್ಮಗಳ ಮದುವೆ ಗೊತ್ತಾಯಿತು. ಮುದುಕರ ಮುಖದಲ್ಲಿ ಸ್ವಲ್ಪ ಗೆಲುವು ಕಾಣಲಿ ಎಂದೇ ಮನೆಯವರು ಅದನ್ನು ಅದ್ದೂರಿಯಾಗಿ ಮಾಡಲು ಹೊರಟಿದ್ದರು. ಪತ್ರಿಕೆಯ ಕೆಲಸ ನಮಗೇ ಬಂತು.

ಎಡವಟ್ಟಾದದ್ದು ಒಂದು ಮಾತಿನಿಂದ. ಹುಡುಗಿಯ ತಂದೆ ವಸಂತಕ್ಕನಿಗೆ ಫೋನಿನಲ್ಲಿ ಹೆಸರುಗಳನ್ನು ಹೇಳುತ್ತಾ, ನಮ್ಮ ದೊಡ್ಡೋರ ಹೆಸರಿಗೆ ಶ್ರೀ ಹಾಕಿ, ಅವರ ಒಡಹುಟ್ಟಿದವರಿಗೆ ದಿವಂಗತ ಹಾಕಿ ಎಂದರಂತೆ. ಅಣ್ಣ ತೀರಿಕೊಂಡ ಮೇಲೆ ಮನೆಗೆ ಹಿರಿಯರು ತಮ್ಮನೇ ತಾನೇ, ಹಾಗಾಗಿ ಆ ಮನೆಯಲ್ಲಿ ಈಗ ‘ದೊಡ್ಡೋರು’ ಎಂದರೆ ಚಿಕ್ಕಮುನಿಯಪ್ಪನವರು. ಇದು ನಮಗೆ ಹೇಗೆ ಗೊತ್ತಾಗಬೇಕು? ವಸಂತಕ್ಕ ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಟೈಪ್ ಮಾಡಿದರು. ಕೇಳಿದ್ದು ಕಿವಿಯಿಂದ ನೇರ ಬೆರಳಿಗಿಳಿಯಿತು, ತಲೆಯ ಕಡೆ ಹೋಗಲೇ ಇಲ್ಲ. ನಾನು ಮನೆಯಿಂದ ಗಣಪತಿಯನ್ನೂ ಅಂಚಿನ ಬಳ್ಳಿಯನ್ನೂ ಕೂರಿಸಿದೆ. ಹುಡುಗಿಯ ತಂದೆ ಕನ್ನಡಕವಿಲ್ಲದೆ ಮೊಬೈಲಿನಲ್ಲಿ ನೋಡಿ ಓಕೆ ಎಂದರು. ಫೈಲು ಪ್ರೆಸ್ಸಿಗೆ ಹೋಯಿತು, ವಸಂತಕ್ಕ ಆಫೀಸಿಗೆ ಬೀಗ ಹಾಕಿಕೊಂಡು ಅಕ್ಕನ ಮಗನ ನಿಶ್ಚಿತಾರ್ಥಕ್ಕೆಂದು ಮೈಸೂರಿಗೆ ಹೊರಟರು.

ಮಧ್ಯಾಹ್ನ ಮೊಸರನ್ನ ತಿನ್ನುತ್ತಾ ಮೊಬೈಲಿನಲ್ಲಿ ಆ ಪತ್ರಿಕೆಯನ್ನು ಮತ್ತೆ ನೋಡಿದೆ. ‘ಶ್ರೀ ದೊಡ್ಡಮುನಿಯಪ್ಪನವರು’ ಎಂದಿತ್ತು. ಅದರ ಕೆಳಗೆ ‘ದಿ|| ಚಿಕ್ಕಮುನಿಯಪ್ಪನವರು’. ತಟ್ಟೆ ಪಕ್ಕಕ್ಕಿಟ್ಟೆ. ಮಾರನೆಯ ಬೆಳಿಗ್ಗೆ ಮುನೇಶ್ವರನ ಗುಡಿಯಲ್ಲಿ ಮೊದಲ ಪತ್ರಿಕೆ ಇಟ್ಟು ಪೂಜೆ ಮಾಡಿಸುವುದೆಂದು ನಿಶ್ಚಯವಾಗಿತ್ತು, ಇಡುವವರು ಚಿಕ್ಕಮುನಿಯಪ್ಪನವರೇ. ಎದೆಯಲ್ಲಿ ಸ್ಟೆಂಟ್ ಇಟ್ಟುಕೊಂಡ ಮನುಷ್ಯ ತನ್ನ ಹೆಸರಿನ ಹಿಂದೆ ‘ದಿ||’ ಓದಿಕೊಂಡು ಅದನ್ನು ದೇವರ ಮುಂದಿಡಬೇಕು.

ಪ್ರೆಸ್ಸಿನವರಿಗೆ ಫೋನ್ ಮಾಡಿದೆ. ಆರು ಗಂಟೆಗೆ ಮಷಿನ್‌ಗೆ ಹಾಕುತ್ತೇನೆ, ಅಷ್ಟರೊಳಗೆ ಸರಿಯಾದ ಫೈಲು ಕಳಿಸಿ, ತಪ್ಪಿದರೆ ಬೇರೆಯವರ ಕೆಲಸ ಇದೆ, ನಾಳೆಗೆ ಕಾರ್ಡ್ ಸಿಗುವುದಿಲ್ಲ ಎಂದರು. ಮೈಸೂರು ಮುಟ್ಟಿದ್ದ ವಸಂತಕ್ಕನಿಗೆ ಹೇಳಿದರೆ, ಅವರು ಓಲಗದ ಸದ್ದಿನ ನಡುವೆಯೇ, ಹಾಗೇ ಪ್ರಿಂಟ್ ಆಗಲಿ, ‘ದಿ’ಯ ಮೇಲೆ ಹೂವಿನ ಸ್ಟಿಕರ್ ಅಂಟಿಸೋಣ ಎಂದರು. ಉಗುರಲ್ಲಿ ಕೆರೆದು ನೋಡದ ನೆಂಟರು ಯಾವ ಮದುವೆಯಲ್ಲಿದ್ದಾರೆ?

ನಾನೇ ಸರಿಮಾಡುತ್ತೇನೆಂದು ಲ್ಯಾಪ್‌ಟಾಪ್ ತೆರೆದೆ. ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ರೂಟರಿನ ದೀಪ ಕೆಂಪಗಿತ್ತು. ಆರಿಸಿ ಹಾಕಿದೆ, ವೈರು ಕಿತ್ತು ಊದಿ ಸಿಕ್ಕಿಸಿದೆ. ಕಂಪನಿಯ ನಂಬರಿಗೆ ಫೋನ್ ಮಾಡಿ ಕನ್ನಡಕ್ಕಾಗಿ ಒಂದನ್ನು ಒತ್ತಿದೆ, ಬಂದವರು ಹಿಂದಿಯಲ್ಲಿ ಮಾತಾಡಿದರು. ಮೇಲಿನ ಮನೆಯ ಆಂಟಿಯ ವೈಫೈ ಕೇಳಿದೆ. ಅವರು ಪಾಸ್‌ವರ್ಡ್ ಹೇಳಲು ನಾಚಿಕೊಂಡು, ಯಾರಿಗೂ ಹೇಳಬೇಡಮ್ಮಾ ಎನ್ನುತ್ತಾ ಯಜಮಾನರ ಅಡ್ಡಹೆಸರು ಕೊಟ್ಟರು. ನೆಟ್ಟೇನೋ ಬಂತು. ಆಫೀಸಿನ ಕಂಪ್ಯೂಟರಿನ ಹೆಸರಿನ ಮುಂದೆ ಮಾತ್ರ ‘ಆಫ್‌ಲೈನ್’ ಎಂದೇ ಇತ್ತು. ಈರಣ್ಣನಿಗೆ ಫೋನ್ ಹಚ್ಚಿದೆ.

"ಅಕ್ಕಾರ, ಆ ಕಡಿ ಕಂಪ್ಯೂಟರ್ ಬಂದ್ ಐತ್ರಿ. ನೀವ್ ಎಷ್ಟ್ ಬಾಗ್ಲಾ ಬಡದ್ರೂ ಒಳಗ ಯಾರೂ ಇಲ್ಲಂದ್ರ ತಗಿಯೋರು ಯಾರು?" ಎಂದ. ನನ್ನ ದನಿ ಕೇಳಿ ಪಾಪ ಅನಿಸಿರಬೇಕು, ಹೋಗಿ ನೋಡುತ್ತೇನೆ, ಕಿಟಕಿಯಿಂದಾದರೂ ಏನಾದರೂ ಆಗುತ್ತದಾ ನೋಡೋಣ ಎಂದು ಬೈಕ್ ಹತ್ತಿದ.

ನಾನು ಸುಮ್ಮನೆ ಕೂರಲಾರದೆ ಕನೆಕ್ಟ್ ಒತ್ತುತ್ತಲೇ ಇದ್ದೆ. ಆರು ಗಂಟೆಗೆ ಇನ್ನು ಸ್ವಲ್ಪವೇ ಹೊತ್ತು ಇರುವಾಗ ಇದ್ದಕ್ಕಿದ್ದಂತೆ ಪರದೆ ತೆರೆದುಕೊಂಡಿತು. ಅದೇ ನಮ್ಮ ಆಫೀಸಿನ ಕಂಪ್ಯೂಟರು, ಹಿನ್ನೆಲೆಯಲ್ಲಿ ವಸಂತಕ್ಕ ಇಟ್ಟಿದ್ದ ಅದೇ ಗುಲಾಬಿ. ಅದರ ಮೇಲೆ ಆ ಲಗ್ನಪತ್ರಿಕೆ ಆಗಲೇ ತೆರೆದಿತ್ತು. ನಾನು ಖುಷಿಯಲ್ಲಿ ಮೌಸ್ ಹಿಡಿದೆ. ಬಾಣ ನನ್ನ ಮಾತು ಕೇಳಲಿಲ್ಲ. ಅದು ಬೇರೆ ಯಾರದೋ ಕೈಯಲ್ಲಿ ಇದ್ದ ಹಾಗೆ ನಿಧಾನವಾಗಿ ಹೊರಟಿತು. ಮೌಸ್ ಹಿಡಿದು ಅಭ್ಯಾಸವಿಲ್ಲದವರು ಮಾಡುವಂತೆ ಸಾಲನ್ನು ದಾಟಿ ಹೋಯಿತು, ವಾಪಸ್ ಬಂತು, ‘ದಿ||’ ಪಕ್ಕದಲ್ಲಿ ನಿಂತಿತು.

ಅಷ್ಟರಲ್ಲಿ ಫೋನ್ ಬಂತು. ಈರಣ್ಣ ನಮ್ಮ ಆಫೀಸಿನ ಮುಂದೆ ನಿಂತಿದ್ದ.

"ಅಕ್ಕಾರ, ಇಡೀ ಓಣ್ಯಾಗ ಕರೆಂಟ್ ಇಲ್ರಿ. ಮಧ್ಯಾಹ್ನದಾಗ ಹೋಗೇತಂತ."

ನಮ್ಮ ಯುಪಿಎಸ್ ಮುದಿಯಾಗಿತ್ತು, ಕರೆಂಟ್ ಹೋದರೆ ಒಂದು ಕಾಫಿ ಕುಡಿಯುವಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ. ನಾನು ಅವನಿಗೆ ಹೇಳಿದೆ, "ಈರಣ್ಣ, ಕಂಪ್ಯೂಟರ್ ಆನ್ ಇದೆ. ನನ್ನ ಕಣ್ಮುಂದೆ ಇದೆ. ಒಳಗೆ ಯಾರಿದ್ದಾರೆ ನೋಡು." ಅವನು ಷಟರಿನ ಸಂದಿಯಿಂದ ಬಗ್ಗಿ ನೋಡಿದ ಸದ್ದು ಕೇಳಿಸಿತು. "ಬೀಗ ಹಾಕೇತ್ರಿ. ಒಳಗ ಕತ್ತಲಿ ಐತಿ. ಅಕ್ಕಾರ, ಕಾಲಿಗಿ ಯಾವ ಗುಳಿಗಿ ಕೊಟ್ಟಾರ ನಿಮಗ?"

ಅವನು ಅದನ್ನು ಕೇಳುತ್ತಿರುವಾಗಲೇ ನನ್ನೆದುರಿಗೆ ಚಿಕ್ಕಮುನಿಯಪ್ಪನವರ ಹೆಸರಿನ ಹಿಂದಿನ ‘ದಿ||’ ಅಳಿಸಿಹೋಯಿತು. ಸ್ವಲ್ಪ ತಡೆದು ಆ ಜಾಗದಲ್ಲಿ ‘ಶ್ರೀ’ ಬಂತು. ಬಾಣ ಮೇಲಿನ ಸಾಲಿಗೆ ಹೋಯಿತು. ದೊಡ್ಡಮುನಿಯಪ್ಪನವರ ‘ಶ್ರೀ’ ಹೋಯಿತು, ಒಂದೇ ಬೆರಳಿನಲ್ಲಿ ಕೀಲಿ ಹುಡುಕಿ ಒತ್ತಿದ ಹಾಗೆ ‘ದಿ’ ಬಂತು, ಗೆರೆ ಬಂತು, ಇನ್ನೊಂದು ಗೆರೆ ಬಂತು. ಆಮೇಲೂ ಬಾಣ ಅಲ್ಲೇ ಮೇಲೆ ಏನೋ ಸುತ್ತಾಡುತ್ತಿತ್ತು. ನಾನು ಗಡಿಯಾರ ನೋಡುತ್ತಿದ್ದೆ, ಅದನ್ನು ಗಮನಿಸಲಿಲ್ಲ. ಕೊನೆಗೆ ಬಾಣ ಪರದೆಯ ಮೂಲೆಗೆ ಹೋಗಿ ಸುಮ್ಮನಾಯಿತು. ಮೌಸ್ ಮುಟ್ಟಿದೆ. ಈ ಸಲ ಅದು ನನ್ನ ಮಾತು ಕೇಳಿತು.

ನನಗೆ ಭಯವಾಯಿತೇ ಎಂದು ಎಲ್ಲರೂ ಕೇಳುತ್ತಾರೆ. ಖಂಡಿತ ಆಯಿತು, ಆದರೆ ಆಮೇಲೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಆರು ಗಂಟೆ ಒಂದೇ. ಫೈಲನ್ನು ಪ್ರೆಸ್ಸಿಗೆ ಕಳಿಸಿದೆ. ಬಂತು ಮೇಡಂ ಎಂದು ಅವರ ಮೆಸೇಜು ಬರುವುದಕ್ಕೂ ನನ್ನ ಪರದೆ ಕಪ್ಪಾಗುವುದಕ್ಕೂ ಸರಿಹೋಯಿತು. ಮತ್ತೆ ಅದೇ ‘ಆಫ್‌ಲೈನ್’.

ಮಾರನೆಯ ದಿನ ವಸಂತಕ್ಕ ಬಾಗಿಲು ತೆಗೆದಾಗ ಕಂಪ್ಯೂಟರು ಆಫ್ ಆಗಿಯೇ ಇತ್ತು. ಈರಣ್ಣ ಬಂದು ಅದನ್ನು ಬಿಚ್ಚಿ, ಕಟ್ಟಿ, ಒಳಗೆಲ್ಲ ಜಾಲಾಡಿದ. ಕರೆಂಟ್ ಹೋದಾಗ ನಿಂತ ಕಂಪ್ಯೂಟರು ಬೆಳಿಗ್ಗೆಯೇ ಶುರುವಾದದ್ದು, ನಡುವೆ ಏನೂ ನಡೆದಿಲ್ಲ ಎಂದು ಅದರ ದಾಖಲೆಯೇ ಹೇಳುತ್ತಿತ್ತು. ಆದರೆ ತಿದ್ದಿದ ಪತ್ರಿಕೆ ಅದರೊಳಗಿತ್ತು, ಅಚ್ಚಾದ ಕಾರ್ಡುಗಳ ಕಟ್ಟು ಮೇಜಿನ ಮೇಲಿತ್ತು. ನಿಮ್ಮ ಲ್ಯಾಪ್‌ಟಾಪಿನಲ್ಲೇ ಒಂದು ಪ್ರತಿ ಇದ್ದಿರಬೇಕು ಎಂದು ನನಗೆ ಫೋನ್ ಮಾಡಿ ಹೇಳಿದ. ಅದರಲ್ಲಿ ಆ ಫಾಂಟು ಇಲ್ಲವಲ್ಲ ಎಂದೆ. ಅವನು ತಲೆ ಕೆರೆದುಕೊಂಡು ಎದ್ದು ಹೋದನೆಂದು ಆಮೇಲೆ ವಸಂತಕ್ಕ ಹೇಳಿದರು. ಈಗಲೂ ನಮ್ಮ ಆಫೀಸಿಗೆ ಬಂದರೆ ಒಳಗೆ ಕಾಲಿಡುವ ಮೊದಲು ಒಂದು ಸಲ ಕೆಮ್ಮುತ್ತಾನೆ. ನನಗೂ ಇವತ್ತಿನವರೆಗೆ ಇದರ ತಲೆಬುಡ ತಿಳಿದಿಲ್ಲ. ಯಾರಾದರೂ ವಿವರಿಸಿದರೆ ಕೇಳುತ್ತೇನೆ, ಕಾಫಿ ಮಾಡಲು ಏಳುವುದಿಲ್ಲ.

ಮದುವೆಯ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿದ್ದರು. ಕುಂಟುತ್ತಾ ಹೋದೆ. ಚಿಕ್ಕಮುನಿಯಪ್ಪನವರು ಛತ್ರದ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ನನ್ನನ್ನು ಕಂಡು ಪಕ್ಕದಲ್ಲಿ ಕೂರಿಸಿಕೊಂಡು ಜೇಬಿನಿಂದ ಪತ್ರಿಕೆ ತೆಗೆದರು. ತಮ್ಮ ಹೆಸರಿಗಿಂತ ಅಣ್ಣನ ಹೆಸರು ಯಾಕೆ ದಪ್ಪ ಅಕ್ಷರದಲ್ಲಿದೆ ಎಂದು ಕೇಳಿದರು.

ಆಗಲೇ ನಾನೂ ಸರಿಯಾಗಿ ನೋಡಿದ್ದು. ನಿಜ. ಎಲ್ಲ ಹೆಸರುಗಳೂ ಒಂದೇ ಅಳತೆ, ದೊಡ್ಡಮುನಿಯಪ್ಪನವರದು ಮಾತ್ರ ಒಂದು ಕೈ ಹೆಚ್ಚು ದಪ್ಪ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ‘ದಿ||’ ಅದಲುಬದಲಾದದ್ದು, ಬೀಗ ಹಾಕಿದ ಕತ್ತಲೆ ಆಫೀಸು, ತಾನೇ ಓಡಾಡಿದ ಬಾಣ ಎಲ್ಲವನ್ನೂ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ಇಲ್ಲವೇ ಬೈಯುತ್ತಾರೆ. ಅವರು ಅಣ್ಣನ ಹೆಸರಿನ ಮೇಲೆ ಹೆಬ್ಬೆರಳಾಡಿಸುತ್ತಾ ಕೊನೆಯವರೆಗೂ ಕೇಳಿಸಿಕೊಂಡರು.

"ಅಣ್ಣ ಹೋದಾಗ್ಲಿಂದ ಮನೇಲೆಲ್ಲ ನನ್ನೇ ದೊಡ್ಡೋರು ದೊಡ್ಡೋರು ಅಂತವ್ರೆ" ಎಂದರು. "ನಂಗೇ ಸರಿ ಬರ್ತಿರ್ಲಿಲ್ಲ, ಅವ್ನಿಗೆ ಬರ್ತದಾ? ಯಾರು ದೊಡ್ಡೋರು ಅಂತ ಬರ್ದು ತೋರ್ಸವ್ನೆ ನೋಡು. ನಾನಿನ್ನು ಚಿಕ್ಕೋನೇ ಕಣಮ್ಮಾ. ಒಂದು ವರ್ಷಕ್ಕೇ ಸಾಕಾಗೋಗಿತ್ತು."

ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಗೆಲುವಿತ್ತು. ಪತ್ರಿಕೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಊಟದ ಮನೆಯ ಬಾಗಿಲಿನಿಂದ ಯಾರೋ, ದೊಡ್ಡೋರೇ, ಎಲೆ ಹಾಕಿದೆ ಬನ್ನಿ ಎಂದು ಕೂಗಿದರು. ಅವರು ತಿರುಗಿ ನೋಡಲಿಲ್ಲ. ಮತ್ತೆ ಕೂಗಿದರು, ಆಗಲೂ ಇಲ್ಲ. ಕೊನೆಗೆ ಅಣ್ಣನ ಮಗ ಹತ್ತಿರ ಬಂದು, ಚಿಕ್ಕಪ್ಪಾ, ಊಟಕ್ಕೇಳು ಎಂದಾಗ, ಹೂಂ ಎಂದು ಎದ್ದರು.