ಬಾಯಾಗ ಐತಿ, ಹೊರಗ ಬರವಲ್ದು
ಗಂಗಾವತಿಯ ಅಕ್ಕಿ ಗಿರಣಿಯೊಂದರ ಫಿಟ್ಟರ್ ಹುಲಗಪ್ಪನಿಗೆ ಬಿ.ಪಿ. ಏರುವುದು ಉಪ್ಪಿನಿಂದಲ್ಲ, ಹಾಡಿನಿಂದ. ಸಂಜೆ ಚಹಾದಂಗಡಿಯ ಕಟ್ಟೆಯ ಮೇಲೆ ನಾವು ಗೆಳೆಯರು ಆಡುವ ಆಟ ಸರಳವಾದದ್ದು: ಒಬ್ಬ ಹಾಡಿನ ಮೊದಲೆರಡು ಪದ ಹೇಳಬೇಕು, ಉಳಿದವರು ಮುಂದಿನದನ್ನು ಹಾಡಬೇಕು. ಹುಲಗಪ್ಪ ಒಡನೆಯೇ ಎರಡೂ ಕೈ ಎತ್ತುತ್ತಾನೆ: "ಯಾರೂ ಹೇಳಬ್ಯಾಡ್ರಿ! ಬಾಯಾಗ ಐತಿ, ಹೊರಗ ಬರವಲ್ದು!" ಹಣೆ ಬೆವರುತ್ತದೆ, ಕಪ್ಪಿನಲ್ಲಿ ಚಹಾ ಆರಿಹೋಗುತ್ತದೆ, ಮನೆಗೆ ಹೋದರೂ ರೊಟ್ಟಿ ಮುರಿಯುವುದನ್ನು ಬಿಟ್ಟು ಆ ಎರಡು ಪದಗಳನ್ನೇ ಗುನುಗುತ್ತಿರುತ್ತಾನೆ. ಒಮ್ಮೆ ಕನಕಗಿರಿ ಬಸ್ಸಿನಲ್ಲಿ ಉತ್ತರ ಥಟ್ಟನೆ ಹೊಳೆದು ಅವನು ಕೂಗಿದ ರಭಸಕ್ಕೆ ಡ್ರೈವರ್ ಬ್ರೇಕ್ ಹಾಕಿಬಿಟ್ಟಿದ್ದ. ಉತ್ತರವನ್ನು ಪ್ರಶ್ನೆ ಹಾಕಿದವನ ಎದುರೇ ಹೇಳಬೇಕು, ಅಲ್ಲಿಗೆ ಅವನ ಪ್ರಶ್ನೆ ಮುಗಿದಂತೆ; ಇದು ನಮ್ಮ ಕಟ್ಟೆಯ ಕಾನೂನು. ಮೊಹರಮ್ಮಿನ ಅಲಾಯಿ ಹಬ್ಬದ ಹಿಂದಿನ ವಾರ ಟೇಲರ್ ಯಮನೂರಸಾಬ ಒಂದು ಹಾಡಿನ ಎರಡು ಪದ ಒಗೆದು, "ನಾಳಿ ಹೇಳಲೇ ಹುಲಗ್ಯಾ" ಎಂದು ನಗುತ್ತ ಎದ್ದುಹೋದ. ಬೆಳಗಾಗುವುದರೊಳಗೆ ಎದೆನೋವು ಬಂದು ತೀರಿಕೊಂಡ. ಅಂದಿನಿಂದ ಹುಲಗಪ್ಪನ ಗಾಬರಿ ಇಮ್ಮಡಿಯಾಗಿದೆ. ಯಾರಾದರೂ ಆ ಹಾಡಿನ ಸುದ್ದಿ ತೆಗೆದರೆ ಸಾಕು, ಕಿವಿ ಮುಚ್ಚಿಕೊಳ್ಳುತ್ತಾನೆ: "ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ನನಗಿನ್ನೂ ಬಂದಿಲ್ಲ!" ನಾವು ಬೇರೆ ಹಾಡಿಗೆ ಹೊರಳುತ್ತೇವೆ. ಮೊನ್ನೆ ಗಿರಣಿಗೆ ಹೋದಾಗ ಅವನ ಬೆನ್ನ ಹಿಂದೆಯೇ ನಿಂತಿದ್ದೆ, ಅವನಿಗೆ ಗೊತ್ತಾಗಲಿಲ್ಲ. ಯಂತ್ರಗಳ ಸದ್ದಿನಲ್ಲಿ ಯಾರಿಗೂ ಕೇಳಿಸದೆಂದುಕೊಂಡು, ಬೆಲ್ಟು ಬಿಗಿಯುತ್ತ, ಹುಲಗಪ್ಪ ಯಮನೂರಸಾಬನ ಹಾಡನ್ನು ಕೊನೆಯ ಸಾಲಿನವರೆಗೂ ಹಾಡುತ್ತಿದ್ದ.