ಅತ್ತೆ ಮರೆತಿರಲಿಲ್ಲ

ನಂಜುಂಡೇಶ್ವರನನ್ನು ನಂಬಿದ ಎಲ್ಲರಿಗೂ ಟೋಕಿಯೋ ಪಕ್ಕದ ಗ್ಯೋಟೋಕುವಿನಿಂದ ವೀಣಾಳ ನಮಸ್ಕಾರ. ಹೋದ ಏಪ್ರಿಲ್‌ನ ಒಂದು ಗುರುವಾರ ಮಧ್ಯಾಹ್ನ, ನನ್ನ ಅತ್ತೆ ಹತ್ತಿದ್ದ ರೈಲು ನನ್ನ ಕಣ್ಣೆದುರೇ ಬಾಗಿಲು ಮುಚ್ಚಿಕೊಂಡು ಹೊರಟುಹೋಯಿತು. ಅವರಿಗೆ ಎಪ್ಪತ್ತೊಂದು ವರ್ಷ. ಸಕ್ಕರೆ ಕಾಯಿಲೆ. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಅವರು ಉಳಿದು ಬಂದದ್ದನ್ನು ನಮ್ಮ ಭಾನುವಾರದ ಆನ್‌ಲೈನ್ ಭಜನೆಯಲ್ಲಿ ನಿಮ್ಮಲ್ಲಿ ಹಲವರು ನನ್ನ ಬಾಯಿಂದಲೇ ಕೇಳಿದ್ದೀರಿ, "ವೀಣಾ, ನಿನ್ನ ಭಕ್ತಿ ದೊಡ್ಡದು" ಅಂತ ಹೊಗಳಿದ್ದೀರಿ. ಅವತ್ತು ನುಂಗಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ಊರಿಂದ ಯಾರೇ ಬರಲಿ, ನಾನು ವಾಟ್ಸಾಪಿನಲ್ಲಿ ಒಂದು ಉದ್ದದ ಪಟ್ಟಿ ಕಳಿಸುತ್ತಿದ್ದೆ. ಜಪಾನಿಗೆ ಬರುವ ಪ್ರವಾಸಿಗಳು ಮಾಡುವ ತಪ್ಪುಗಳು ಅಂತ ಅದಕ್ಕೊಂದು ಹೆಸರು. ರೈಲಿನಲ್ಲಿ ಮಾತಾಡಬೇಡಿ, ಫೋನ್ ಎತ್ತಬೇಡಿ, ತಿನ್ನಬೇಡಿ, ನಡೆಯುತ್ತಾ ತಿನ್ನಬೇಡಿ, ಎಸ್ಕಲೇಟರಿನಲ್ಲಿ ಎಡಕ್ಕೆ ನಿಲ್ಲಿ. ಏಳು ವರ್ಷದಿಂದ ಇಲ್ಲಿದ್ದೇನಲ್ಲ, ಆ ಜಂಬ. ಮೈಸೂರಿನಿಂದ ಬಂದ ಅತ್ತೆಗೆ ಪಟ್ಟಿ ಓದಿ ಹೇಳಿದ್ದಲ್ಲದೆ, ಹೆಜ್ಜೆ ಹೆಜ್ಜೆಗೂ ತಿದ್ದುತ್ತಿದ್ದೆ. ಮೊದಲ ವಾರ ರೈಲಿನಲ್ಲಿ ಅವರ ಫೋನ್ ಹೊಡೆದುಕೊಂಡಾಗ ಕೈಯಿಂದ ಕಿತ್ತುಕೊಂಡು ಸೈಲೆಂಟಿಗೆ ಹಾಕಿದ್ದೆ.

"ಅತ್ತೆ, ಪ್ಲೀಸ್. ಎಲ್ರೂ ನೋಡ್ತಿದಾರೆ. ಇಂಡಿಯನ್ಸ್ ಅಂದ್ರೆ ಹೀಗೇ ಅಂದ್ಕೋತಾರೆ."

"ಆಯ್ತು ಬಿಡಮ್ಮ," ಅಂದಿದ್ದರು. ಮೈಸೂರಿನ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಗದರಿದ ಹೆಂಗಸು ಅವರು. ಆಮೇಲೆ ರೈಲು ಹತ್ತಿದರೆ ಕೈಕಟ್ಟಿ ಕೂರುತ್ತಿದ್ದರು.

ಆ ಗುರುವಾರ ನಿಹೊಂಬಾಶಿಯ ಅಂಗಡಿಗಳನ್ನು ತೋರಿಸಲು ಕರೆದುಕೊಂಡು ಹೋಗಿದ್ದೆ. ಅವರು ಬೆಳಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು. ಒಂದೂವರೆ ಆಗುತ್ತಾ ಬಂದರೂ ಊಟವಾಗಿರಲಿಲ್ಲ. ಬ್ಯಾಗಿನಲ್ಲಿ ಚಪಾತಿ ಸುರುಳಿ ಇತ್ತು. "ಇಲ್ಲೇ ನಿಂತು ಎರಡು ತುತ್ತು ತಿನ್ಲಾ?" ಅಂತ ಕೇಳಿದರು. "ರಸ್ತೇಲಿ ಬೇಡ ಅತ್ತೆ, ಮನೆಗೆ ಹೋಗೋಕೆ ಅರ್ಧ ಗಂಟೆ ಅಷ್ಟೆ," ಅಂದೆ.

ಪ್ಲಾಟ್‌ಫಾರ್ಮಿನಲ್ಲಿ ಸಾಲಿನಲ್ಲಿ ನಿಂತೆವು. ರೈಲು ಬಂತು. ಬಾಗಿಲಲ್ಲಿ ನಿಲ್ಲಬಾರದು ಅಂತ ನಾನೇ ಕಲಿಸಿದ್ದರಿಂದ ಅತ್ತೆ ನೇರವಾಗಿ ಒಳಗೆ ಹೋದರು. ಇನ್ನೂ ಹೊರಗೇ ಇದ್ದ ನನಗೆ ಆಗ ಬೋರ್ಡು ಕಂಡಿತು. ಅದು ವೇಗದ ಗಾಡಿ, ನಮ್ಮ ಗ್ಯೋಟೋಕುವಿನಲ್ಲಿ ನಿಲ್ಲುವುದಿಲ್ಲ. ಹೊಸಬರು ಮಾಡುವ ತಪ್ಪು ಅಂತ ನನ್ನ ಪಟ್ಟಿಯಲ್ಲೇ ಇತ್ತು! "ಅತ್ತೆ, ಇದಲ್ಲ, ಇಳೀರಿ" ಅಂದೆ, ಅದೂ ಮೆಲ್ಲಗೆ. ಜೋರಾಗಿ ಕೂಗಲು ನಾಚಿಕೆ. ಅವರಿಗೆ ಕೇಳಿಸಲಿಲ್ಲ. ಬಾಗಿಲು ಮುಚ್ಚಿತು.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಓಡಿಹೋಗಿ ಸ್ಟೇಷನ್ ಸಿಬ್ಬಂದಿಗೆ ಹೇಳಿದೆ. ಅವರು ಸಮಾಧಾನವಾಗಿ ಸೀರೆಯ ಬಣ್ಣ ಯಾವುದು, ಎಷ್ಟನೇ ಬೋಗಿ ಅಂತ ಕೇಳಿ, ಆ ಗಾಡಿ ಮುಂದೆ ನಿಲ್ಲುವ ಉರಾಯಾಸು ನಿಲ್ದಾಣಕ್ಕೆ ಫೋನ್ ಮಾಡಿದರು. ಹದಿನೈದು ನಿಮಿಷದ ಮೇಲೆ ಉತ್ತರ ಬಂತು. ಆ ಬೋಗಿಯಲ್ಲಿ ಸೀರೆ ಉಟ್ಟವರು ಯಾರೂ ಇಲ್ಲ.

ಅಲ್ಲೇ ಗೋಡೆಗೆ ಒರಗಿ ಕೈ ಮುಗಿದೆ. "ನಂಜುಂಡಪ್ಪಾ, ನನ್ನ ಅತ್ತೇನ ಉಳಿಸಿಕೊಡು. ಊರಿಗೆ ಬಂದು ನಿನ್ನ ಸುತ್ತ ಉರುಳು ಸೇವೆ ಮಾಡ್ತೀನಿ" ಅಂತ ಅಳುತ್ತಾ ಗಟ್ಟಿಯಾಗಿಯೇ ಕೂಗಿಬಿಟ್ಟೆ. ಜನ ತಿರುಗಿ ನೋಡಿದರು. ನೋಡಲಿ ಅನ್ನಿಸಿತು. ಕಣ್ಣೊರೆಸಿಕೊಂಡು ಇನ್ನೊಮ್ಮೆ ಫೋನ್ ಮಾಡಿದೆ.

"ಮೋಶಿ ಮೋಶಿ?" ಅಂತ, ಜಪಾನೀಸಿನಲ್ಲಿ ಹಲೋ ಅನ್ನುವ ವಯಸ್ಸಾದ ಹೆಂಗಸಿನ ದನಿ.

ಆ ತಾಯಿ ಅತ್ತೆಯ ಪಕ್ಕದ ಸೀಟಿನಲ್ಲಿದ್ದವರು. ಅತ್ತೆ ಬೆವರಿ ನಡುಗುವುದು ಕಂಡಿತಂತೆ. ತೀರಿಕೊಂಡ ಅವರ ಗಂಡನಿಗೂ ಇದೇ ಕಾಯಿಲೆ, ಹೀಗೇ ಆಗುತ್ತಿತ್ತಂತೆ. ಉರಾಯಾಸುವಿಗಿಂತ ಮೊದಲೇ ತೋಯೋಚೋ ನಿಲ್ದಾಣದಲ್ಲಿ ಅತ್ತೆಯ ಕೈಹಿಡಿದು ಇಳಿಸಿ, ಬೆಂಚಿನ ಮೇಲೆ ಕೂರಿಸಿ, ತಮ್ಮ ಪರ್ಸಿನಲ್ಲಿದ್ದ ಪೆಪ್ಪರ್‌ಮೆಂಟು ಬಾಯಿಗಿಟ್ಟಿದ್ದರು. ಅದು ಅವರು ಇಳಿಯುವ ನಿಲ್ದಾಣವೂ ಅಲ್ಲ. ಅಷ್ಟು ದೊಡ್ಡ ರೈಲಿನಲ್ಲಿ ಅತ್ತೆಯನ್ನು ಅವರ ಪಕ್ಕದಲ್ಲೇ ಕೂರಿಸಿದವನು ಯಾರು ಅಂತ ನಿಮಗೆ ನಾನು ಹೇಳಬೇಕಿಲ್ಲ. ನಾನು ತಲುಪುವಷ್ಟರಲ್ಲಿ ಆಂಬುಲೆನ್ಸ್ ಬಂದಿತ್ತು. ಅವರ ಹೆಸರು ಕೇಳುವುದಕ್ಕೂ ನನಗೆ ಪುರುಸೊತ್ತಾಗಲಿಲ್ಲ.

ಭಜನೆಯಲ್ಲಿ ನಾನು ಇಷ್ಟನ್ನೇ ಹೇಳಿದ್ದು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಅತ್ತೆ ಚೇತರಿಸಿಕೊಂಡ ಮೇಲೆ, ಡಾಕ್ಟರು ಅವರ ಬ್ಯಾಗಿನತ್ತ ನೋಡಿದರು. ಚಪಾತಿಯ ಜೊತೆ ಒಂದು ಡಬ್ಬಿ ಗ್ಲೂಕೋಸ್ ಬಿಸ್ಕತ್ತು, ಬೆಲ್ಲದ ಚೂರು ಇದ್ದವು. "ಇಷ್ಟೆಲ್ಲ ಇಟ್ಟುಕೊಂಡು ಯಾಕೆ ತಿನ್ನಲಿಲ್ಲ, ಕೇಳಿ" ಅಂದರು. ನಾನು ಕೇಳಿದೆ. ಅತ್ತೆ ನನ್ನ ಮುಖ ನೋಡಿದರು. ರೈಲಿನಲ್ಲಿ ತಿನ್ನಬಾರದು, ಫೋನ್ ಎತ್ತಬಾರದು. ಅವರು ಯಾಕೆ ತಿನ್ನಲಿಲ್ಲ, ನನ್ನ ಕರೆಗೆ ಹೊಳೆಯುತ್ತಿದ್ದ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಯಾಕೆ ಸುಮ್ಮನಿದ್ದರು ಅನ್ನುವುದು ಇಬ್ಬರಿಗೂ ಗೊತ್ತಿತ್ತು.

"ಮರೆತುಹೋಯ್ತು ಅಂತ ಹೇಳಮ್ಮ," ಅಂದರು.

ನಾನು ಜಪಾನೀಸಿನಲ್ಲಿ ಹಾಗೆಯೇ ಹೇಳಿದೆ. ಡಾಕ್ಟರು ಅದನ್ನು ಟೈಪ್ ಮಾಡಿಕೊಂಡರು. ಆಮೇಲೆ ಮಗುವಿಗೆ ಹೇಳುವಂತೆ ಅತ್ತೆಗೆ ನಿಧಾನವಾಗಿ ಬುದ್ಧಿ ಹೇಳಿದರು. ಅತ್ತೆ ತಲೆ ಬಗ್ಗಿಸಿ ಕೇಳಿಸಿಕೊಂಡರು. ಪ್ರತಿ ಮಾತನ್ನೂ ಕನ್ನಡಕ್ಕೆ ತಿರುಗಿಸಿದವಳು ನಾನು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮಿನಾಟೋದ ಆಫೀಸಿನಿಂದ ಆಸ್ಪತ್ರೆಗೆ ಓಡಿಬಂದು ಅದೇ ಮಾತು ಕೇಳಿಸಿಕೊಂಡ ಯಜಮಾನರು ಮಾರನೆಯ ದಿನದಿಂದ ಅಮ್ಮನ ಮಾತ್ರೆಗಳನ್ನು ತಾವೇ ಎಣಿಸಿ ಕೊಡತೊಡಗಿದರು. ಸ್ಟೌವ್ ಹಚ್ಚಲು ಬಿಡಲಿಲ್ಲ. "ಅಮ್ಮಂಗೆ ಮರೆವು ಶುರುವಾಗಿದೆ ಕಣೆ. ಇನ್ನು ಮೈಸೂರಲ್ಲಿ ಒಬ್ರನ್ನೇ ಬಿಡೋದು ಬೇಡ. ಮೆಮೊರಿ ಟೆಸ್ಟ್ ಮಾಡಿಸೋಣ," ಅಂದರು, ಅತ್ತೆಗೆ ಕೇಳುವ ಹಾಗೆ. ಅತ್ತೆ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಭಾನುವಾರ ಭಜನೆಯಲ್ಲಿ ನಿಮ್ಮ ಹೊಗಳಿಕೆ ಬೇರೆ. ನನಗೆ ನನ್ನ ಮೇಲೇ ಅಸಹ್ಯವಾಗಿತ್ತು.

ಸೋಮವಾರ ಬೆಳಗ್ಗೆ ನಂಜುಂಡೇಶ್ವರನ ಪಟದ ಮುಂದೆ ದೀಪ ಹಚ್ಚಿದರೆ ಕೈ ಮುಗಿಯಲು ಆಗಲಿಲ್ಲ. ಅತ್ತೆಯನ್ನು ಉಳಿಸಿಕೊಡು ಅಂತ ಬೇಡಿಕೊಂಡವಳು ನಾನು. ಅವನು ಉಳಿಸಿಕೊಟ್ಟ. ನಾನು ಅವರನ್ನು ಮನೆಯಲ್ಲಿ ಕೈಲಾಗದವರನ್ನಾಗಿ ಮಾಡಿ ಕೂರಿಸಿದ್ದೆ. ಅಲ್ಲಿಂದ ಎದ್ದು ತಿಂಡಿ ತಿನ್ನುತ್ತಿದ್ದ ತಾಯಿ ಮಗನ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ. ಆ ಧೈರ್ಯ ನನ್ನದಲ್ಲ.

ಯಜಮಾನರು ತಟ್ಟೆ ಸರಿಸಿ ಎದ್ದುಹೋದರು. ಅತ್ತೆ ನನ್ನನ್ನು ಅಪ್ಪಿಕೊಳ್ಳಲೂ ಇಲ್ಲ, ಬೈಯಲೂ ಇಲ್ಲ. "ನಿನ್ನ ಗಂಡ ನಿನ್ನ ಬೈದಾನು ಅಂತ ನಾನು ಹಾಗಂದೆ. ನೀನು ಇಷ್ಟು ದಿನ ಸುಮ್ನಿರ್ತೀಯ ಅಂದ್ಕೊಂಡಿರ್ಲಿಲ್ಲ," ಅಂದರು. ಆಮೇಲೆ, "ಡಾಕ್ಟರಿಗೂ ಹೇಳು. ಅಲ್ಲೂ ಬರೆದಿದೆ," ಅಂದರು.

ಬುಧವಾರ ಮರುತಪಾಸಣೆಗೆ ಹೋದಾಗ ಹೇಳಿದೆ. ಇವರು ಮರೆತಿರಲಿಲ್ಲ, ರೈಲಿನಲ್ಲಿ ತಿನ್ನಕೂಡದು ಅಂತ ನಾನು ಹೆದರಿಸಿದ್ದೆ, ಸುಮಿಮಾಸೆನ್, ಕ್ಷಮಿಸಿ. ಡಾಕ್ಟರು, "ಒಂದು ಪೆಪ್ಪರ್‌ಮೆಂಟು ತಿಂದರೆ ಇಲ್ಲಿ ಯಾರೂ ಏನೂ ಅನ್ನುವುದಿಲ್ಲ" ಅಂದರು. ಬಗ್ಗಿ ನಮಸ್ಕರಿಸಿದವಳಿಗೆ ತಲೆ ಎತ್ತಲು ಆಗಲಿಲ್ಲ. ಅವರು ಕಂಪ್ಯೂಟರಿನಲ್ಲಿ ಏನೋ ತಿದ್ದಿದರು.

"ತೆಗೆದ್ರಾ?" ಅಂತ ಅತ್ತೆ ಕೇಳಿದರು.

"ತೆಗೆದ್ರು ಅತ್ತೆ."

"ಏನಂತ ಬರೆದ್ರು?"

ಓದಿ ಹೇಳಿದೆ. ಸೊಸೆಯ ಮಾತಿಗೆ ಹೆದರಿ ತಿಂದಿರಲಿಲ್ಲ ಅಂತ ಬರೆದಿದ್ದರು. ಅತ್ತೆ ತಲೆಯಾಡಿಸಿ ಸೆರಗು ಸರಿಮಾಡಿಕೊಂಡು, ಯಾರ ಕೈಯನ್ನೂ ಹಿಡಿಯದೆ ಎದ್ದು ನಡೆದರು. ಅವರ ಹಿಂದೆ ನಡೆಯುತ್ತಾ ನಾನು ನಂಜುಂಡೇಶ್ವರನಿಗೆ ಕೈ ಮುಗಿದೆ.