ರೇವವ್ವನ ಬಲಗಡೆಯ ಹಸಿರು ದಾರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಿರ್ಲಾಪುರದ ಕಾಲುವೆ ದಂಡೆಯಲ್ಲಿ ರೇವವ್ವ ಕಣ್ಣು ಮುಚ್ಚಿ ನಿಂತಿದ್ದಾಳೆ. ಎದುರಿನ ಜೋಳದ ಹೊಲದೊಳಗೆಲ್ಲೋ ಆಡಿನ ಕೊರಳ ಗಂಟೆ ಕಿಣಿಗುಡುತ್ತದೆ. ಆಕೆ ತಲೆಯನ್ನು ಅತ್ತಿತ್ತ ಹೊರಳಿಸಿ ಬೆರಳು ಚಾಚುತ್ತಾಳೆ: "ಅಲ್ಲಿ ಅದಿ ನೀ!"

"ಕಣ್ಣ ತೆರದಿದ್ದಿ ಬೇ, ಕಳ್ಳಿ!" ಎನ್ನುತ್ತ ನೆರೆಮನೆಯ ಖೈರುನಬಿ, ಬೆರಳು ತೋರಿದಲ್ಲಿಂದಲೇ ದಂಟು ಸರಿಸಿ, ಗಂಟೆ ಹಿಡಿದು ಹೊರಬರುತ್ತಾಳೆ. ಈ ಆಟ ಮುಗಿದ ಮೇಲೆಯೇ ಆಡು ಮೇಯಿಸುವ ಕೆಲಸ.

ರೇವವ್ವನ ಎರಡೂ ಕಿವಿಯ ದಾರಿ ಹುಟ್ಟಿನಿಂದಲೇ ಮುಚ್ಚಿದೆ. ಗಟ್ಟಿ ದನಿ ಕೇಳುತ್ತಿತ್ತು, ದಿಕ್ಕು ತಿಳಿಯುತ್ತಿರಲಿಲ್ಲ. "ಯಾರರ ಕರದ್ರ ಬ್ಯಾರೆ ಕಡಿ ನೋಡ್ತಿದ್ನಿರಿ. ಸೊಕ್ಕಿನಾಕಿ ಅಂದ್ರು. ಎಷ್ಟ ಮಂದಿಗೆ ಅಲ್ಲ ಅಂತ ಹೇಳ್ಲಿ?" ಕೊನೆಗೆ ಯಾರು ಕರೆದರೂ ತಲೆ ತಗ್ಗಿಸಿ ನಿಲ್ಲುವುದನ್ನೇ ರೂಢಿ ಮಾಡಿಕೊಂಡಳಂತೆ.

ಈಗ ತಲೆಗೊಂದು ಪಟ್ಟಿ ಬಂದಿದೆ. ಅದರ ಎರಡು ಬಿಲ್ಲೆಗಳು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕೂತು, ದನಿಯನ್ನು ಎಲುಬಿನ ಮೂಲಕವೇ ಒಳಗಿಳಿಸುತ್ತವೆ. ಮೊದಲು ಕೊಟ್ಟಿದ್ದರಲ್ಲಿ ಒಂದೇ ಬಿಲ್ಲೆ. ಆಗ ಲೋಕವೆಲ್ಲ ಒಂದೇ ಬದಿಯಿಂದ ಮಾತಾಡುತ್ತಿತ್ತು. ಎರಡಾದ ಮೇಲೆ ಕಿವಿ ಡಾಕ್ಟರು, ದಿಕ್ಕು ಅಭ್ಯಾಸದಿಂದ ಬರುತ್ತದೆ ಎಂದರು.

ಕಳೆದ ಮಳೆಗಾಲದಲ್ಲಿ ತಲೆ ಎರೆದುಕೊಂಡು ಮತ್ತೆ ಹಾಕಿಕೊಳ್ಳುವ ಅವಸರಕ್ಕೆ ಪಟ್ಟಿಯ ಎಡಬದಿ ಬಲಕ್ಕಾಯಿತು. ಕಾಲುವೆಗೆ ಬಿದ್ದ ಮರಿ ಬಲಗಡೆ ಕೂಗುತ್ತಿತ್ತು. ರೇವವ್ವ ಎಡಕ್ಕೆ ಓಡಿದಳು. ಮರಿ ಉಳಿಯಲಿಲ್ಲ. "ಇನ್ನೊಂದ ಹೋತಂದ್ರ ಎಲ್ಲಾ ಮಾರತೇನಿ" ಎಂದ ಗಂಡ ಹೊಳೆಪ್ಪ. ಆಡಿಲ್ಲದೆ ರೇವವ್ವನಿಗೆ ಬೇರೆ ಬದುಕು ಗೊತ್ತಿಲ್ಲ. ಬಟ್ಟೆ ಹೊಲಿಯುವ ಖೈರುನಬಿ ಮರುದಿನವೇ ಪಟ್ಟಿಯ ಬಲಬದಿಗೆ ಹಸಿರು ದಾರ ಸುತ್ತಿದಳು. ಗಂಟೆಯ ಆಟವೂ ಅವಳದೇ.

ಸೆರಗು ಹೊದ್ದರೆ ಬಿಲ್ಲೆಗೆ ತಿಕ್ಕಿ ಗರಗರ ಸದ್ದು. ಅದಕ್ಕೇ ಹೊಲದಲ್ಲಿ ಬರಿತಲೆ. ಓಣಿಯಲ್ಲಿ ಮಾತು ಬಂತು. "ಬೈಲಿ ಬಿಡ್ರಿ. ಬೈಗಳ ಯಾ ಕಡಿಂದ ಬಂತಂತ ಈಗ ಗೊತ್ತರ ಆಗತೈತಿ" ಎಂದು ರೇವವ್ವ ನಗುತ್ತಾಳೆ.

ಅಷ್ಟರಲ್ಲಿ ಮರಿಯೊಂದರ ಕೂಗು. ರೇವವ್ವನ ನಗು ನಿಲ್ಲುತ್ತದೆ. ಒಂದು ಗಳಿಗೆ ತಲೆ ಹೊರಳಿಸಿ, ನೆಟ್ಟಗೆ ಬಲಕ್ಕೆ ಓಡಿ, ಕಾಲುವೆಯ ಇಳಿಜಾರಿನ ಕೆಸರಿಗೆ ಕೈಹಾಕುತ್ತಾಳೆ. ಒದ್ದೆ ಮರಿ ಎದೆಗೆ ಬರುತ್ತದೆ.

ಬುತ್ತಿ ತಂದ ಹೊಳೆಪ್ಪ ಹಿಂದಿನಿಂದ ಮೆಲ್ಲಗೆ ಕರೆಯುತ್ತಾನೆ: "ರೇವವ್ವಾ." ಆಕೆ ಸೀದಾ ಅವನತ್ತಲೇ ತಿರುಗುತ್ತಾಳೆ.

"ಮಾರತೀರೇನು?"

"ಯಾರ ಮಾರತಾರ ಬಿಡ."

ರೇವವ್ವ ಮತ್ತೆ ಬೆನ್ನು ತಿರುಗಿಸಿ ನಿಲ್ಲುತ್ತಾಳೆ. "ಹಂಗಾರ ಇನ್ನೊಮ್ಮಿ ಕರೀರಿ."